ಬೀಜದಿಂದ ತೆನೆಯವರೆಗೆ: ಜೋಳದ ಕಾಡಿಗೆ ರೋಗದ ನೂರು ವರ್ಷ

ಮಲಪ್ರಭೆಯ ಸೀಮೆಯ ಎರೆಭೂಮಿಯಲ್ಲಿ, ಅಂದರೆ ಇಂದಿನ ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಮೆಣಸಗಿ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ, ಹಿಂಗಾರಿ ಬಿಳಿಜೋಳವು ಮನೆಗೆ ರೊಟ್ಟಿಯನ್ನೂ ದನಕರುಗಳಿಗೆ ಕಣಿಕೆಯನ್ನೂ ಮುಂದಿನ ವರ್ಷದ ಕೂರಿಗೆಗೆ ಬೀಜವನ್ನೂ ಒಟ್ಟಿಗೆ ಒದಗಿಸುತ್ತ ಬಂದಿದೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಎರೆ ಹದಕ್ಕೆ ಬಂದಾಗ ಬಿತ್ತಿ, ಆಮೇಲಿನ ಮಳೆಯನ್ನು ಹೆಚ್ಚು ನೆಚ್ಚದೆ ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಸಿ ಕೊಯ್ಯುವ ಈ ಬೆಳೆಗೆ ತಗಲುವ ರೋಗಗಳಲ್ಲಿ ರೈತರ ಕಣ್ಣಿಗೆ ಬಹುಕಾಲದಿಂದ ಬಿದ್ದಿರುವುದು ಕಾಡಿಗೆ ರೋಗ. ಕಾಳು ಕಟ್ಟಬೇಕಾದ ಜಾಗದಲ್ಲಿ ಕಪ್ಪು ಹುಡಿ ತುಂಬಿದ ಸಣ್ಣ ಚೀಲಗಳು ಮೂಡುವುದೇ ಅದರ ಗುರುತು. ಈ ರೋಗವನ್ನು ತರುವ ಶಿಲೀಂಧ್ರವು ಎರಡು ಬಗೆಯ ದೇಹಗಳಲ್ಲಿ ಬಾಳುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಿಳಿಯಿತು. ಒಂದು ದೇಹದಿಂದ ಇನ್ನೊಂದಕ್ಕೆ ದಾಟುವ ಅಲ್ಪಾವಧಿಯಲ್ಲಿ ಅದರ ಜೀನುಗಳ ಕೆಲಸದ ಕ್ರಮವೇ ಬದಲಾಗುತ್ತದೆ ಎಂಬುದು ಗೊತ್ತಾಗಲು ಇನ್ನೂ ಒಂದು ಶತಮಾನ ಬೇಕಾಯಿತು. ಆ ದಾಟುವಿಕೆಯನ್ನು ತಡೆಯುವ ಉಪಾಯ ಮಾತ್ರ, ಅದರ ಕಾರಣ ಯಾರಿಗೂ ಪೂರ್ತಿ ತಿಳಿಯುವ ಮೊದಲೇ, ಮುಂಬೈ ಪ್ರಾಂತ್ಯದ ಜೋಳದ ಹೊಲಗಳಿಗೆ ಬಂದು ಸೇರಿತ್ತು.

ಮೆಣಸಗಿಯನ್ನು ಒಳಗೊಂಡ ರೋಣ ತಾಲ್ಲೂಕು ಆಗ ಧಾರವಾಡ ಜಿಲ್ಲೆಗೆ ಸೇರಿತ್ತು, ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ನಾಡು ಮೈಸೂರು ರಾಜ್ಯದೊಳಕ್ಕೆ ಬಂತು, 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಆದ್ದರಿಂದ ಇಲ್ಲಿನ ಜೋಳದ ರೋಗಗಳ ಮೊದಲ ವೈಜ್ಞಾನಿಕ ದಾಖಲೆಗಳನ್ನು ಬೆಂಗಳೂರಿನಲ್ಲಿ ಹುಡುಕುವುದಕ್ಕಿಂತ ಪುಣೆಯಲ್ಲಿಯೂ ಬಿಹಾರದ ಪೂಸಾದಲ್ಲಿಯೂ ನಡೆದ ಕೆಲಸದಲ್ಲಿ ಹುಡುಕಬೇಕಾಗುತ್ತದೆ.

ಆ ಕೆಲಸದ ಹಿಂದೆ ಬರಗಾಲದ ನೆನಪಿದೆ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಧಾರವಾಡ ಮತ್ತು ವಿಜಾಪುರದ ಬಯಲುಸೀಮೆಯನ್ನು ಹಾಳುಗೆಡವಿದ ದೊಡ್ಡ ಬರದ ನಂತರ ನೇಮಕವಾದ ಕ್ಷಾಮ ಆಯೋಗವು 1880ರಲ್ಲಿ ವರದಿ ಕೊಟ್ಟು, ಪ್ರತಿ ಪ್ರಾಂತ್ಯದಲ್ಲೂ ಕೃಷಿ ಇಲಾಖೆ ಇರಬೇಕೆಂದು ಸೂಚಿಸಿತು. ಕಾಳು ಕಡಿಮೆಯಾಗುವುದಕ್ಕೆ ಮಳೆಯ ಅಭಾವವೊಂದೇ ಕಾರಣವಲ್ಲ, ಹೊಲದಲ್ಲಿ ನಿಂತ ಬೆಳೆಯನ್ನು ತಿನ್ನುವ ರೋಗಗಳೂ ಕಾರಣವೆಂಬ ಅರಿವು ಆಡಳಿತಕ್ಕೆ ನಿಧಾನವಾಗಿ ಬಂತು. 1901ರಲ್ಲಿ ಭಾರತಕ್ಕೆ ಬಂದ ಐರಿಷ್ ವಿಜ್ಞಾನಿ ಎಡ್ವಿನ್ ಜಾನ್ ಬಟ್ಲರ್, 1905ರಲ್ಲಿ ಪೂಸಾದ ಕೃಷಿ ಸಂಶೋಧನಾ ಸಂಸ್ಥೆ ಆರಂಭವಾದಾಗ ಅಲ್ಲಿಯ ಶಿಲೀಂಧ್ರಶಾಸ್ತ್ರಜ್ಞನಾಗಿ, ದೇಶದ ಬೆಳೆರೋಗಗಳನ್ನು ಕ್ರಮವಾಗಿ ವಿವರಿಸುವ ಕೆಲಸಕ್ಕೆ ತೊಡಗಿದನು. ಅವನ ದೊಡ್ಡ ಗ್ರಂಥ ‘ಫಂಗೈ ಅಂಡ್ ಡಿಸೀಸ್ ಇನ್ ಪ್ಲಾಂಟ್ಸ್’ 1918ರಲ್ಲಿ ಪ್ರಕಟವಾಯಿತು. ಅದೇ ವರ್ಷ ಪೂಸಾ ಸಂಸ್ಥೆಯ 78ನೆಯ ಪ್ರಕಟಣೆಯಾಗಿ ಮುಂಬೈ ಪ್ರಾಂತ್ಯದ ಜೋಳದ ಕಾಡಿಗೆ ರೋಗಗಳನ್ನು ಕುರಿತ ಒಂದು ಕಿರುಹೊತ್ತಗೆ ಹೊರಬಂತು. ಅದರ ಕರ್ತೃ, ಪ್ರಾಂತ್ಯದ ಕೃಷಿ ಇಲಾಖೆಯಲ್ಲಿದ್ದ ಶಿಲೀಂಧ್ರಶಾಸ್ತ್ರಜ್ಞ ಜಿ.ಎಸ್. ಕುಲಕರ್ಣಿ. ಬಟ್ಲರನ ಗ್ರಂಥಕ್ಕೆ ಸಿಕ್ಕ ಕೀರ್ತಿ ಈ ಚಿಕ್ಕ ಹೊತ್ತಗೆಗೆ ಸಿಗಲಿಲ್ಲವಾದರೂ, ಧಾರವಾಡ ಸೀಮೆಯ ಜೋಳದ ರೈತನ ದೃಷ್ಟಿಯಿಂದ ಅದರ ಬೆಲೆ ಕಡಿಮೆಯದಲ್ಲ.

ಕಾಡಿಗೆ ಎಂದು ಒಟ್ಟಾಗಿ ಕರೆಯುವ ರೋಗದೊಳಗೆ ನಾಲ್ಕು ಬೇರೆ ಬೇರೆ ರೋಗಗಳಿವೆ. ಕಾಳು ಕಾಡಿಗೆಯಲ್ಲಿ ಗಿಡ ಎತ್ತರದಲ್ಲಿಯೂ ಬಣ್ಣದಲ್ಲಿಯೂ ಆರೋಗ್ಯವಂತ ಗಿಡದಂತೆಯೇ ಕಾಣುತ್ತಿದ್ದು, ತೆನೆ ಹೊರಬಂದ ಮೇಲಷ್ಟೇ ಕಾಳುಗಳ ಬದಲು ಬೂದುಬಣ್ಣದ ಗಟ್ಟಿ ಸಿಪ್ಪೆಯ ಚೀಲಗಳು ಕಾಣಿಸಿಕೊಳ್ಳುತ್ತವೆ. ಬಿಡಿ ಕಾಡಿಗೆಯಲ್ಲಿ ಗಿಡ ಗಿಡ್ಡಾಗಿ, ದಂಟು ಸಣಕಲಾಗಿ, ಬುಡದಿಂದ ಮರಿಗಳು ಹೆಚ್ಚಾಗಿ ಹೊರಟು, ತೆನೆ ಬೇಗ ಹಾಯುತ್ತದೆ. ಅದರ ಚೀಲಗಳ ಸಿಪ್ಪೆ ತೆಳುವಾದ್ದರಿಂದ ಹೊಲದಲ್ಲೇ ಒಡೆದು ಹುಡಿ ಗಾಳಿಗೆ ತೂರಿಹೋಗುತ್ತದೆ. ತೆನೆ ಕಾಡಿಗೆಯಲ್ಲಿ ಇಡೀ ತೆನೆಯೇ ಒಂದು ಕಪ್ಪು ಮುದ್ದೆಯಾಗಿ, ಒಳಗೆ ನಾರಿನ ಎಳೆಗಳು ಮಾತ್ರ ಉಳಿಯುತ್ತವೆ. ಉದ್ದ ಕಾಡಿಗೆಯಲ್ಲಿ ತೆನೆಯ ಅಲ್ಲಲ್ಲಿ ಒಂದೊಂದು ಕಾಳು ಮಾತ್ರ ನೀಳವಾದ, ಸ್ವಲ್ಪ ಬಾಗಿದ ಕೊಳವೆಯಾಗಿ ಬೆಳೆಯುತ್ತದೆ. ಹೊರನೋಟಕ್ಕೆ ಒಂದೇ ಕಪ್ಪು ಹುಡಿಯಾದರೂ, ಅದು ಗಿಡವನ್ನು ಯಾವ ಹೊತ್ತಿನಲ್ಲಿ, ಯಾವ ದಾರಿಯಿಂದ ಸೇರುತ್ತದೆ ಎಂಬುದು ನಾಲ್ಕರಲ್ಲೂ ಒಂದೇ ಅಲ್ಲ. ಮೊದಲೆರಡು ಬೀಜದ ಮೇಲೆ ಅಂಟಿಕೊಂಡು ಬರುತ್ತವೆ, ಮೂರನೆಯದು ಹೆಚ್ಚಾಗಿ ಮಣ್ಣಿನಲ್ಲಿ ಕಾದಿರುತ್ತದೆ, ನಾಲ್ಕನೆಯದು ಹೂವಿನ ಹೊತ್ತಿಗೆ ಗಾಳಿಯಲ್ಲಿ ಬರುತ್ತದೆ. ಈ ಭೇದವನ್ನು ಸ್ಪಷ್ಟಪಡಿಸದೆ ಯಾವ ಔಷಧವನ್ನೂ ಸರಿಯಾಗಿ ಹೇಳಲು ಬರುವುದಿಲ್ಲ. ಕುಲಕರ್ಣಿಯವರಂಥವರ ಹೊಲದ ಕೆಲಸ ಮುಖ್ಯವಾಗುವುದು ಇಲ್ಲಿಯೇ.

ಯುರೋಪಿನಲ್ಲಿ ಇದಕ್ಕೆ ಒಂದು ಪೂರ್ವಕಥೆಯಿತ್ತು. ಗೋಧಿಯ ಇಂಥದೇ ರೋಗವೊಂದರ ಕಪ್ಪು ಹುಡಿಯನ್ನು ಒಳ್ಳೆಯ ಬೀಜಕ್ಕೆ ಸವರಿದರೆ ರೋಗ ಹರಡುತ್ತದೆ ಎಂಬುದನ್ನು ಫ್ರಾನ್ಸಿನ ಮ್ಯಾಥ್ಯೂ ತಿಲ್ಲೆ 1755ರಲ್ಲಿಯೇ ಹೊಲದ ಪ್ರಯೋಗಗಳಿಂದ ತೋರಿಸಿದ್ದನು. ಅದೇ ದೇಶದಲ್ಲಿ ನೆಲೆಸಿದ್ದ ಬೆನೆದಿಕ್ಟ್ ಪ್ರೆವೋ 1807ರಲ್ಲಿ, ಆ ಹುಡಿಯ ಕಣಗಳು ನೀರಿನಲ್ಲಿ ಮೊಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ತಾಮ್ರದ ಸೋಂಕು ತಗಲಿದ ನೀರಿನಲ್ಲಿ ಅವು ಮೊಳೆಯುವುದಿಲ್ಲ ಎಂಬುದನ್ನೂ ಗುರುತಿಸಿದನು. ರೋಗಗ್ರಸ್ತ ಸಸ್ಯದಿಂದಲೇ ಶಿಲೀಂಧ್ರ ತಾನಾಗಿ ಹುಟ್ಟುತ್ತದೆ ಎಂದು ಪಂಡಿತರು ನಂಬಿದ್ದ ಕಾಲದಲ್ಲಿ, ಶಿಲೀಂಧ್ರವೇ ರೋಗಕ್ಕೆ ಕಾರಣವೆಂದು ಹೇಳಿದ ಪ್ರೆವೋನ ಮಾತಿಗೆ ಹಲವು ದಶಕಗಳವರೆಗೆ ಮನ್ನಣೆ ದೊರೆಯಲಿಲ್ಲ. ಜರ್ಮನಿಯ ಜೂಲಿಯಸ್ ಕ್ಯೂನ್ 1858ರಲ್ಲಿ ಬರೆದ ಬೆಳೆರೋಗಗಳ ಗ್ರಂಥವು ಆ ವಾದವನ್ನು ನೆಲೆಗೊಳಿಸಿತು; ಜೋಳದ ತೆನೆ ಕಾಡಿಗೆಯ ಶಿಲೀಂಧ್ರಕ್ಕೆ 1875ರಲ್ಲಿ ವೈಜ್ಞಾನಿಕ ಹೆಸರಿಟ್ಟವನೂ ಅವನೇ.

ಎರಡು ದೇಹಗಳ ವಿಷಯ ಬೆಳಕಿಗೆ ಬಂದದ್ದು ಆಸ್ಕರ್ ಬ್ರೆಫೆಲ್ಡ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿಯಿಂದ. 1880ರ ದಶಕದಲ್ಲಿ ಅವನು ಕಾಡಿಗೆ ಶಿಲೀಂಧ್ರಗಳ ಬೀಜಕಗಳನ್ನು, ಅಂದರೆ ಆ ಕಪ್ಪು ಹುಡಿಯ ಒಂದೊಂದು ಕಣವನ್ನು, ಪೋಷಕ ದ್ರಾವಣದಲ್ಲಿ ಬೆಳೆಸಿದಾಗ ಅವುಗಳಿಂದ ಹೊರಟದ್ದು ಗಿಡದೊಳಗೆ ಕಾಣುವಂಥ ನೂಲಿನಾಕಾರದ ತಂತುಗಳಲ್ಲ. ಹುದುಗು ಬರಿಸುವ ಯೀಸ್ಟಿನಂತೆ ಒಂದೊಂದೇ ಕೋಶವಾಗಿ ಮೊಗ್ಗೊಡೆದು, ಮತ್ತೆ ಮತ್ತೆ ಮೊಗ್ಗೊಡೆದು, ದ್ರಾವಣವಿರುವವರೆಗೂ ಹೆಚ್ಚುತ್ತಲೇ ಹೋಗುವ ಜೀವಿಯೊಂದು ಅಲ್ಲಿ ಕಂಡಿತು. ಹೀಗೆ ಯೀಸ್ಟಿನ ರೂಪ ಮತ್ತು ತಂತುವಿನ ರೂಪ ಎರಡನ್ನೂ ತಾಳಬಲ್ಲ ಶಿಲೀಂಧ್ರವನ್ನು ದ್ವಿರೂಪಿ ಶಿಲೀಂಧ್ರ ಎನ್ನುತ್ತಾರೆ. ಕಾಡಿಗೆ ಶಿಲೀಂಧ್ರಗಳಲ್ಲಿ ಯೀಸ್ಟಿನ ರೂಪವು ಸತ್ತ ಸಾವಯವ ಪದಾರ್ಥದ ಮೇಲೆ ಬದುಕುತ್ತದೆ, ಗಿಡಕ್ಕೆ ಯಾವ ಕೆಡುಕನ್ನೂ ಮಾಡುವುದಿಲ್ಲ. ರೋಗ ತರುವುದು ತಂತುವಿನ ರೂಪ. ಆದರೆ ಅದು ಜೀವಂತ ಗಿಡದ ಹೊರಗೆ ಬೆಳೆಯಲಾರದು. ಒಂದೇ ಜೀವಿಯ ಎರಡು ರೂಪಗಳ ನಡುವಿನ ಈ ಅಂತರವು ಎಷ್ಟು ದೊಡ್ಡದೆಂಬುದನ್ನು ಗಮನಿಸಿದರೆ, ಬ್ರೆಫೆಲ್ಡನ ಶೋಧ ಅವನ ಕಾಲದ ಕೃಷಿವಿಜ್ಞಾನಕ್ಕೆ ಎಷ್ಟು ಅನಿರೀಕ್ಷಿತವಾಗಿತ್ತು ಎಂಬುದು ಅರ್ಥವಾಗುತ್ತದೆ.

ಈ ತಿಳಿವಳಿಕೆಯನ್ನು ಎರೆಹೊಲದ ಜೋಳಕ್ಕೆ ಅನ್ವಯಿಸಿದಾಗ ರೋಗದ ವಾರ್ಷಿಕ ಚಕ್ರ ಹೀಗೆ ತೆರೆದುಕೊಳ್ಳುತ್ತದೆ. ಕಾಳು ಕಾಡಿಗೆಯ ಚೀಲಗಳ ಸಿಪ್ಪೆ ಗಟ್ಟಿಯಾಗಿರುವುದರಿಂದ ಅವು ಹೊಲದಲ್ಲಿ ಒಡೆಯದೆ, ಒಳ್ಳೆಯ ತೆನೆಗಳ ಜೊತೆಗೇ ಕೊಯ್ಲಾಗಿ ಕಣಕ್ಕೆ ಬರುತ್ತವೆ. ಕಣದಲ್ಲಿ ದನಗಳ ಕಾಲಿಗೋ ಉರುಳುಗಲ್ಲಿಗೋ ಸಿಕ್ಕಿ ಒಡೆದಾಗ, ಒಂದೊಂದು ಚೀಲದಿಂದ ಹೊರಬೀಳುವ ಲೆಕ್ಕವಿಲ್ಲದಷ್ಟು ಬೀಜಕಗಳು ಆರೋಗ್ಯವಂತ ಕಾಳುಗಳ ಮೈಗೆಲ್ಲ ಅಂಟಿಕೊಳ್ಳುತ್ತವೆ. ಬೀಜಕವೊಂದರ ಗಾತ್ರ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಕಡಿಮೆ. ಹೀಗಾಗಿ ಬಿಳಿಯಾಗಿ ಹೊಳೆಯುವ ಕಾಳಿನ ಮೇಲೆ ಅವಿರುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಒಣಗಿದ ಸ್ಥಿತಿಯಲ್ಲಿ ಅವು ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. ರೈತನು ನಿಂತ ಬೆಳೆಯಲ್ಲಿ ನೋಡಿ ಆರಿಸಿದ ಉತ್ತಮ ತೆನೆಯ ಕಾಳನ್ನೇ ಬೀಜಕ್ಕೆಂದು ಇಟ್ಟರೂ, ಅದನ್ನು ಕಾಡಿಗೆ ತೆನೆಗಳಿದ್ದ ಕಣದಲ್ಲಿಯೇ ಒಕ್ಕಿದ್ದರೆ ಆ ಎಚ್ಚರಿಕೆ ವ್ಯರ್ಥವಾಗುತ್ತಿತ್ತು. ಹೊಲವನ್ನು ಹಸನಾಗಿ ಇಟ್ಟು ಬೀಜವನ್ನು ಜೋಪಾನ ಮಾಡಿದವರ ಮನೆಗೂ ರೋಗ ಬರುತ್ತಿದ್ದುದಕ್ಕೆ ಕಾರಣ ಇದೇ. ಅದನ್ನು ಅವರ ಅಜಾಗರೂಕತೆಯೆಂದು ಬರೆದ ಹಳೆಯ ಅಧಿಕಾರಿಗಳ ಮಾತು ನ್ಯಾಯವಾದದ್ದಲ್ಲ.

ಮುಂದಿನ ಹಂತ ಮಣ್ಣಿನೊಳಗೆ ನಡೆಯುತ್ತದೆ. ಕೂರಿಗೆಯ ತಾಳಿನಿಂದ ಬಿದ್ದ ಬೀಜ ತೇವ ಹೀರಿ ಮೊಳೆಯುವ ಹೊತ್ತಿಗೇ ಅದರ ಮೈಮೇಲಿನ ಬೀಜಕವೂ ಮೊಳೆಯುತ್ತದೆ. ಅದರಿಂದ ನಾಲ್ಕು ಕೋಶಗಳ ಒಂದು ಚಿಕ್ಕ ಕೊಂಬೆ ಹೊರಟು, ಅದರಿಂದ ಯೀಸ್ಟ್ ರೂಪದ ಮರಿಬೀಜಕಗಳು ಮೊಗ್ಗೊಡೆಯುತ್ತವೆ. ಹೊಂದುವ ಎರಡು ಮರಿಬೀಜಕಗಳು ಕೂಡಿಕೊಂಡಾಗ ತಂತು ಹುಟ್ಟಿ, ಇನ್ನೂ ಮಣ್ಣನ್ನು ದಾಟಿರದ ಎಳೆಯ ಮೊಳಕೆಯನ್ನು ಭೇದಿಸಿ ಒಳಹೋಗುತ್ತದೆ. ಮೊಳಕೆ ಮಣ್ಣಿನಿಂದ ಮೇಲೆ ಬಂದು ಅದರ ಅಂಗಾಂಶ ಬಲಿತ ಮೇಲೆ ತಂತುವಿಗೆ ಪ್ರವೇಶವಿಲ್ಲ. ಒಳಸೇರಿದ ತಂತು ಗಿಡದ ಬೆಳೆಯುವ ತುದಿಯ ಜೊತೆಗೇ ಮೇಲೇರುತ್ತ, ತಿಂಗಳುಗಟ್ಟಲೆ ಯಾವ ಚಿಹ್ನೆಯನ್ನೂ ತೋರದೆ, ಕೊನೆಗೆ ಕಾಳು ಕಟ್ಟುವ ಜಾಗವನ್ನು ತನ್ನದಾಗಿಸಿಕೊಳ್ಳುತ್ತದೆ. ಹಾಗಾದರೆ ಇಡೀ ವರ್ಷದಲ್ಲಿ ರೋಗವನ್ನು ತಡೆಯಲು ಸಿಗುವ ಸಮಯ ಬೀಜ ಬಿತ್ತಿದ ಮೊದಲ ಕೆಲವು ದಿನಗಳದು ಮಾತ್ರ.

ಕುಲಕರ್ಣಿಯವರು 1922ರಲ್ಲಿ ಪ್ರಕಟಿಸಿದ ಇನ್ನೊಂದು ಲೇಖನವು ಕಾಳು ಕಾಡಿಗೆ ಕೆಲವು ಸೀಮೆಗಳಲ್ಲಿ ಹೆಚ್ಚಾಗಿಯೂ ಕೆಲವು ಸೀಮೆಗಳಲ್ಲಿ ಕಡಿಮೆಯಾಗಿಯೂ ಇರುವುದಕ್ಕೆ ಕಾರಣವನ್ನು ಹುಡುಕಿತು. ಬಿತ್ತನೆಯ ಹೊತ್ತಿನ ಮಣ್ಣಿನ ಉಷ್ಣತೆಗೆ ಇದರಲ್ಲಿ ದೊಡ್ಡ ಪಾತ್ರವಿದೆ. ಮಣ್ಣು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು, ತೇವ ತೀರ ಹೆಚ್ಚಿಲ್ಲದಿದ್ದರೆ, ಮೊಳಕೆ ನಿಧಾನವಾಗಿ ಮೇಲೇರುತ್ತದೆ, ಶಿಲೀಂಧ್ರಕ್ಕೆ ಕೂಡಿಕೊಳ್ಳಲೂ ಒಳಹೊಗಲೂ ಸಮಯ ಸಿಗುತ್ತದೆ. ಮಣ್ಣು ಬಹಳ ಕಾದಿದ್ದರೆ ಮೊಳಕೆ ಬೇಗ ಹೊರಬರುತ್ತದೆ, ಬೀಜಕವೂ ಸರಿಯಾಗಿ ಮೊಳೆಯುವುದಿಲ್ಲ. ಮಳೆಗಾಲ ಹಿಂದೆ ಸರಿಯುತ್ತ, ಎರೆ ತಂಪಾಗುತ್ತ ಬರುವ ದಿನಗಳಲ್ಲಿ ಬಿತ್ತುವ ರೋಣ–ನರಗುಂದ ಸೀಮೆಯ ಹಿಂಗಾರಿ ಜೋಳಕ್ಕೆ ಈ ಮಾತು ಎಷ್ಟು ಹತ್ತಿರದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಡೆಯುವ ಮೊದಲ ಉಪಾಯವಾಗಿ ಬಂದದ್ದು ಮೈಲುತುತ್ತ. ಪ್ರೆವೋನ ಕಾಲದಿಂದ ಯುರೋಪಿನಲ್ಲಿ ಗೋಧಿಗೆ ಬಳಸುತ್ತಿದ್ದ ಈ ತಾಮ್ರದ ಲವಣದ ತೆಳುವಾದ ದ್ರಾವಣದಲ್ಲಿ ಬೀಜವನ್ನು ಕೆಲವು ನಿಮಿಷ ನೆನೆಸಿ, ನೆರಳಿನಲ್ಲಿ ಆರಿಸಿ ಬಿತ್ತುವುದನ್ನು ಕೃಷಿ ಇಲಾಖೆ ಜೋಳಕ್ಕೂ ಹೇಳಿಕೊಟ್ಟಿತು. ಅದರಿಂದ ರೋಗ ತಗ್ಗಿದ್ದು ನಿಜ, ತೊಡಕುಗಳೂ ಇದ್ದವು. ದ್ರಾವಣ ಗಟ್ಟಿಯಾದರೆ, ನೆನೆಸುವ ಹೊತ್ತು ಮೀರಿದರೆ, ಮೊಳಕೆಗೇ ಪೆಟ್ಟು ಬೀಳುತ್ತಿತ್ತು. ನೆನೆಸಿದ ಬೀಜವನ್ನು ಆರಿಸಿ ಬೇಗ ಬಿತ್ತದಿದ್ದರೆ ಕೆಡುತ್ತಿತ್ತು. ಎರೆಯ ಹದ ಮಾತ್ರ ರೈತನ ಅನುಕೂಲಕ್ಕೆ ಕಾಯುವಂಥದಲ್ಲ, ಒಂದು ಮಳೆ ಬಂದರೆ ಕೂರಿಗೆ ನಾಲ್ಕು ದಿನ ನಿಲ್ಲುತ್ತದೆ. ಇನ್ನು ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತವನ್ನು ಕರಗಿಸಿದರೆ ತಾಮ್ರವು ಪಾತ್ರೆಗೇ ಅಂಟಿ ದ್ರಾವಣದ ಬಲ ಹೋಗುವುದರಿಂದ, ಮಣ್ಣಿನ ಅಥವಾ ಕಟ್ಟಿಗೆಯ ಪಾತ್ರೆ ಬೇಕಾಗುತ್ತಿತ್ತು. ಪ್ರಯೋಗಾಲಯದ ಮೇಜಿನ ಮೇಲೆ ಚಿಕ್ಕದಾಗಿ ಕಾಣುವ ಇಂಥ ನಿಬಂಧನೆಗಳು ಬಿತ್ತನೆಯ ಗಡಿಬಿಡಿಯ ಮನೆಯಲ್ಲಿ ದೊಡ್ಡವಾಗುತ್ತವೆ.

ಈ ತೊಡಕುಗಳನ್ನೆಲ್ಲ ಬದಿಗೆ ಸರಿಸಿದ್ದು ಗಂಧಕ. ಮುಂಬೈ ಪ್ರಾಂತ್ಯದ ಸಸ್ಯರೋಗಶಾಸ್ತ್ರಜ್ಞ ಬಿ.ಎನ್. ಉಪ್ಪಲ್ ಮತ್ತು ಅವರ ಸಹೋದ್ಯೋಗಿ ಎಂ.ಕೆ. ದೇಸಾಯಿ ಅವರು ಒಣಹುಡಿಯ ಔಷಧಗಳು ಜೋಳದ ಕಾಳು ಕಾಡಿಗೆಯನ್ನು ಎಷ್ಟರಮಟ್ಟಿಗೆ ತಡೆಯುತ್ತವೆ ಎಂಬ ಪರೀಕ್ಷೆಗಳ ಫಲವನ್ನು 1931ರಲ್ಲಿ ಪ್ರಕಟಿಸಿದರು. ನುಣ್ಣಗೆ ಪುಡಿ ಮಾಡಿದ ಗಂಧಕವನ್ನು ಬೀಜದೊಂದಿಗೆ ಚೆನ್ನಾಗಿ ಬೆರೆಸಿ ಬಿತ್ತಿದರೆ ಸಾಕಾಗುತ್ತದೆ. ನೆನೆಸಬೇಕಿಲ್ಲ, ಆರಿಸಬೇಕಿಲ್ಲ, ಮೊಳಕೆಗೆ ಧಕ್ಕೆಯಿಲ್ಲ. ಮಳೆಗೆ ಬಿತ್ತನೆ ನಿಂತರೂ ಬೀಜ ಕೆಡುವುದಿಲ್ಲ, ಬೆಲೆಯೂ ಅಗ್ಗ. ಕಿಲೋ ಬೀಜಕ್ಕೆ ನಾಲ್ಕೈದು ಗ್ರಾಂ ಗಂಧಕವೆಂಬ ಇಂದಿನ ಶಿಫಾರಸು ಈ ಪರಂಪರೆಯದೇ. ಭಾರತದ ಕೃಷಿ ಇತಿಹಾಸದಲ್ಲಿ ಅಣೆಕಟ್ಟುಗಳಿಗೂ ಹೊಸ ತಳಿಗಳಿಗೂ ಸಿಗುವ ಪುಟಗಳ ಒಂದಂಶವಾದರೂ ಈ ಹಳದಿ ಪುಡಿಗೆ ಸಿಗಬೇಕಿತ್ತು. ಒಬ್ಬ ಸಣ್ಣ ಹಿಡುವಳಿದಾರನು ಯಾರ ಹಂಗೂ ಇಲ್ಲದೆ, ತನ್ನ ಮನೆಯ ಬೀಜವನ್ನೇ ಬಳಸಿಕೊಂಡು, ಕೈಯಳತೆಯ ಖರ್ಚಿನಲ್ಲಿ ಒಂದು ರೋಗವನ್ನು ತನ್ನ ಹೊಲದಿಂದ ಹೆಚ್ಚುಕಡಿಮೆ ಹೊರಹಾಕಲು ಸಾಧ್ಯವಾದ ಉದಾಹರಣೆಗಳು ಹೆಚ್ಚಿಲ್ಲ.

ಕಾಡಿಗೆ ಶಿಲೀಂಧ್ರಗಳ ಅಧ್ಯಯನವನ್ನು ಮುಂದಕ್ಕೆ ಒಯ್ದವರಲ್ಲಿ ಇಬ್ಬರಿಗೆ ಕನ್ನಡನಾಡಿನ ನಂಟಿದೆ. ಬಿ.ಬಿ. ಮುಂಡ್ಕೂರ್ ಅವರು 1920ರ ದಶಕದಲ್ಲಿ ಧಾರವಾಡದಲ್ಲಿದ್ದು ಹತ್ತಿಯ ಸೊರಗು ರೋಗದ ಮೇಲೆ ಕೆಲಸ ಮಾಡಿ, ಆಮೇಲೆ ಕಾಡಿಗೆ ಶಿಲೀಂಧ್ರಗಳಲ್ಲಿ ದೇಶದ ಹಿರಿಯ ತಜ್ಞರಾಗಿ ಬೆಳೆದು, 1947ರಲ್ಲಿ ಭಾರತೀಯ ಸಸ್ಯರೋಗಶಾಸ್ತ್ರ ಸಂಘವನ್ನು ಕಟ್ಟಿದರು. ಮೈಸೂರು ಸೀಮೆಯವರಾದ ಎಂ.ಜೆ. ತಿರುಮಲಾಚಾರ್ ಅವರೊಂದಿಗೆ ಸೇರಿ ಅವರು ರಚಿಸಿದ, ಭಾರತದ ಕಾಡಿಗೆ ಶಿಲೀಂಧ್ರಗಳೆಲ್ಲವನ್ನೂ ವಿವರಿಸುವ ಗ್ರಂಥವು 1952ರಲ್ಲಿ ಲಂಡನ್ನಿನ ಹತ್ತಿರದ ಕ್ಯೂನಿಂದ ಪ್ರಕಟವಾಯಿತು. ಮುಂಡ್ಕೂರ್ ತೀರಿಕೊಂಡದ್ದೂ ಅದೇ ವರ್ಷ. ತಿರುಮಲಾಚಾರ್ ಮುಂದೆ ಪುಣೆಯ ಬಳಿಯ ಪಿಂಪ್ರಿಯಲ್ಲಿರುವ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ಸೇರಿ, 1961ರಲ್ಲಿ ಪಿಂಪ್ರಿಯ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಹೊರತಂದರು. ಈ ಔಷಧವನ್ನು ಅಮೆರಿಕದಲ್ಲಿ ಬ್ಲಾಸ್ಟೊಮೈಸಿಸ್ ಎಂಬ ಶಿಲೀಂಧ್ರದ ಸೋಂಕಿನ ಮೇಲೂ ಪರೀಕ್ಷಿಸಿ ನೋಡಿದರು. ಆ ಶಿಲೀಂಧ್ರವೂ ದ್ವಿರೂಪಿಯೇ, ಆದರೆ ದಿಕ್ಕು ತಿರುವುಮುರುವು: ಮಣ್ಣಿನಲ್ಲಿ ತಂತುವಾಗಿರುವ ಅದು ಮನುಷ್ಯನ ಶ್ವಾಸಕೋಶ ಸೇರಿ 37 ಡಿಗ್ರಿಯ ಬಿಸಿ ತಗಲಿದಾಗ ಯೀಸ್ಟಿನ ರೂಪಕ್ಕೆ ಹೊರಳಿ ರೋಗ ತರುತ್ತದೆ. ಗಿಡದ ರೋಗಕಾರಕಕ್ಕೆ ತಂತು ಆಯುಧವಾದರೆ ಮನುಷ್ಯನ ರೋಗಕಾರಕಕ್ಕೆ ಯೀಸ್ಟ್ ಆಯುಧ; ಎರಡರಲ್ಲೂ ರೂಪ ಬದಲಾಗುವ ಘಳಿಗೆಯೇ ರೋಗದ ಆರಂಭ.

ರೂಪ ಬದಲಾಗುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜೋಳದಿಂದಲ್ಲ, ಅದರ ಹತ್ತಿರದ ಬಳಗದ ಗೋವಿನಜೋಳದಿಂದ. ಗೋವಿನಜೋಳದ ಕಾಡಿಗೆಯನ್ನು ತರುವ ಉಸ್ಟಿಲಾಗೊ ಮೇಡಿಸ್ ಎಂಬ ಶಿಲೀಂಧ್ರದ ಯೀಸ್ಟ್ ರೂಪವನ್ನು ಗಾಜಿನ ತಟ್ಟೆಯಲ್ಲಿ ಸುಲಭವಾಗಿ ಬೆಳೆಸಬಹುದಾದ್ದರಿಂದ, ಅದು ಜೀನುಗಳ ಅಧ್ಯಯನಕ್ಕೆ ಒದಗಿಬಂತು. ಕಾಡಿಗೆ ಶಿಲೀಂಧ್ರಗಳ ಮರಿಬೀಜಕಗಳು ತಮ್ಮಲ್ಲೇ ಬೇರೆ ಲಿಂಗಕ್ಕೆ ಸೇರಿದವುಗಳೊಂದಿಗೆ ಮಾತ್ರ ಕೂಡುತ್ತವೆ ಎಂಬುದನ್ನು ಹಾನ್ಸ್ ಕ್ನೀಪ್ 1919ರಲ್ಲಿ ತೋರಿಸಿದ್ದನು. ಇಂಗ್ಲೆಂಡಿನ ರಾಬಿನ್ ಹಾಲಿಡೇ ಈ ಗೋವಿನಜೋಳದ ಶಿಲೀಂಧ್ರವನ್ನು ಆಧಾರವಾಗಿಟ್ಟುಕೊಂಡು ಅನುವಂಶೀಯತೆಯ ಅಧ್ಯಯನ ನಡೆಸಿ, ಡಿಎನ್‌ಎ ಎಳೆಗಳು ಒಂದರೊಡನೊಂದು ತುಂಡುಗಳನ್ನು ವಿನಿಮಯ ಮಾಡಿಕೊಳ್ಳುವ ಬಗೆಯನ್ನು ಕುರಿತ ತನ್ನ ಪ್ರಸಿದ್ಧ ಸಿದ್ಧಾಂತವನ್ನು 1964ರಲ್ಲಿ ಮುಂದಿಟ್ಟನು. ಜೀನುಗಳನ್ನೇ ಬಿಡಿಸಿ ಓದುವ ಕೆಲಸ 1980ರ ದಶಕದ ಕೊನೆಯಿಂದ ಅಮೆರಿಕದಲ್ಲಿಯೂ, ಜರ್ಮನಿಯಲ್ಲಿ ರೆಗಿನೆ ಕಾಹ್‌ಮನ್ ಅವರ ತಂಡದಲ್ಲಿಯೂ ನಡೆಯಿತು.

ಜೀನ್ ಎಂದರೆ ಒಂದು ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ಸೂಚನೆಯನ್ನು ಹೊತ್ತ ಡಿಎನ್‌ಎ ತುಂಡು. ಎಲ್ಲ ಜೀನುಗಳೂ ಎಲ್ಲ ಹೊತ್ತಿನಲ್ಲೂ ಕೆಲಸ ಮಾಡುವುದಿಲ್ಲ. ಯಾವುದಾದರೂ ಜೀನು ಚಾಲೂ ಆದಾಗ ಅದರ ಸೂಚನೆಯ ಒಂದು ಪ್ರತಿ ಆರ್‌ಎನ್‌ಎ ರೂಪದಲ್ಲಿ ತಯಾರಾಗಿ, ಅದರಂತೆ ಪ್ರೋಟೀನು ಹುಟ್ಟುತ್ತದೆ. ಇದಕ್ಕೆ ಜೀನಿನ ಅಭಿವ್ಯಕ್ತಿ ಎನ್ನುತ್ತಾರೆ. ಕಾಡಿಗೆ ಶಿಲೀಂಧ್ರದ ರೂಪಾಂತರವು ಎರಡು ಜೀನ್ ನೆಲೆಗಳ ಹಿಡಿತದಲ್ಲಿದೆ. ‘ಎ’ ಎಂಬ ನೆಲೆಯ ಜೀನುಗಳು ಒಂದು ರಾಸಾಯನಿಕ ಸಂಕೇತವನ್ನೂ, ಎದುರಿನ ಕೋಶದಿಂದ ಬರುವ ಸಂಕೇತವನ್ನು ಗುರುತಿಸುವ ಗ್ರಾಹಕವನ್ನೂ ತಯಾರಿಸುತ್ತವೆ. ಬೇರೆ ಬಗೆಯ ಸಂಕೇತ ತಗಲಿದ ಕೋಶವು ಮೊಗ್ಗೊಡೆಯುವುದನ್ನು ನಿಲ್ಲಿಸಿ, ಸಂಕೇತ ಬಂದ ಕಡೆಗೆ ಒಂದು ನಳಿಕೆಯನ್ನು ಚಾಚುತ್ತದೆ. ಎರಡು ನಳಿಕೆಗಳು ತುದಿಗೆ ತುದಿ ಸೇರಿ ಒಂದಾಗುತ್ತವೆ. ಆಗ ‘ಬಿ’ ನೆಲೆಯ ಸರದಿ. ಅಲ್ಲಿಯ ಎರಡು ಜೀನುಗಳಿಗೆ ಬಿ-ಈಸ್ಟ್ ಮತ್ತು ಬಿ-ವೆಸ್ಟ್ ಎಂಬ ಹೆಸರುಗಳಿದ್ದು, ಒಂದು ಕೋಶದಿಂದ ಬಂದ ಈಸ್ಟ್ ಪ್ರೋಟೀನು ಇನ್ನೊಂದು ಕೋಶದಿಂದ ಬಂದ ವೆಸ್ಟ್ ಪ್ರೋಟೀನಿನೊಂದಿಗೆ ಜೊತೆಯಾದಾಗ ಮಾತ್ರ ಅವು ಕೆಲಸ ಮಾಡುತ್ತವೆ. ಒಂದೇ ಕೋಶದ ಈಸ್ಟ್ ಮತ್ತು ವೆಸ್ಟ್ ಜೊತೆಯಾಗಲಾರವು. ಇಬ್ಬರು ಪಾಲುದಾರರ ಬಳಿ ಒಂದೊಂದು ಕೀಲಿಕೈ ಇದ್ದು, ಇಬ್ಬರೂ ಬಂದರೆ ಮಾತ್ರ ತೆರೆಯುವ ಪೆಟ್ಟಿಗೆಯಂತೆ ಈ ವ್ಯವಸ್ಥೆ. ಜೋಳದ ತೆನೆ ಕಾಡಿಗೆಯ ಶಿಲೀಂಧ್ರದಲ್ಲಿ ‘ಎ’ ನೆಲೆಗೆ ಮೂರು ಬಗೆಗಳೂ ‘ಬಿ’ ನೆಲೆಗೆ ಕನಿಷ್ಠ ಐದು ಬಗೆಗಳೂ ಇವೆಯೆಂಬುದು 2005ರಲ್ಲಿ ತಿಳಿದುಬಂತು.

ಬಿ-ಈಸ್ಟ್ ಮತ್ತು ಬಿ-ವೆಸ್ಟ್ ಜೊತೆಯಾದದ್ದೇ ತಡ, ಜೀನುಗಳ ಅಭಿವ್ಯಕ್ತಿಯ ಚಿತ್ರವೇ ಬದಲಾಗುತ್ತದೆ. ಈ ಜೋಡಿ ಮೊದಲು ಆರ್‌ಬಿಎಫ್-1 ಎಂಬ ಇನ್ನೊಂದು ನಿಯಂತ್ರಕ ಜೀನನ್ನು ಎಚ್ಚರಿಸುತ್ತದೆ, ಅದರ ಮೂಲಕ ಮುನ್ನೂರಕ್ಕೂ ಹೆಚ್ಚು ಜೀನುಗಳು ಹೆಚ್ಚಾಗಿಯೋ ಕಡಿಮೆಯಾಗಿಯೋ ಕೆಲಸಕ್ಕೆ ತೊಡಗುತ್ತವೆ ಎಂಬುದನ್ನು 2010ರ ಅಧ್ಯಯನವೊಂದು ತೋರಿಸಿತು. ಹೊಸದಾಗಿ ಹುಟ್ಟಿದ ತಂತುವಿನೊಳಗಿನ ಎರಡು ಕೇಂದ್ರಗಳೂ ವಿಭಜನೆಯನ್ನು ತಡೆಹಿಡಿದುಕೊಂಡು ನಿಲ್ಲುತ್ತವೆ; ತಂತುವಿನ ಜೀವದ್ರವ್ಯವೆಲ್ಲ ತುದಿಯಲ್ಲಿಯೇ ಕೂಡಿಕೊಂಡು, ಹಿಂದೆ ಬರಿದಾದ ಕೋಶಗಳನ್ನು ಬಿಡುತ್ತ ಮುಂದೆ ಸರಿಯುತ್ತದೆ. ಗಿಡದ ಒಳಗೆ ಹೊಕ್ಕ ಮೇಲೆ ಸಿಎಲ್‌ಪಿ-1 ಎಂಬ ಪ್ರೋಟೀನಿನ ನೆರವಿನಿಂದ ಆ ತಡೆ ಸಡಿಲಾಗಿ ವಿಭಜನೆ ಮತ್ತೆ ಆರಂಭವಾಗುತ್ತದೆ. ಅಂದರೆ ಗಿಡವನ್ನು ಹುಡುಕುತ್ತಿರುವ ತಂತುವು ಹೊರಗಿನಿಂದ ಬರುವ ಆಹಾರವಿಲ್ಲದೆ, ಹೆಚ್ಚುವ ಶಕ್ತಿಯಿಲ್ಲದೆ, ಇದ್ದಷ್ಟು ಬಲವನ್ನೇ ನೆಚ್ಚಿಕೊಂಡಿರುವ ದುರ್ಬಲ ಸ್ಥಿತಿಯಲ್ಲಿರುತ್ತದೆ. ಬೀಜದ ಮೈಮೇಲೆ ಗಂಧಕವಿದ್ದಾಗ ಬೀಜಕದ ಮೊಳೆಯುವಿಕೆಯೂ ಮರಿಬೀಜಕಗಳ ಬೆಳವಣಿಗೆಯೂ ನಿಂತುಹೋಗುವುದರಿಂದ, ಶಿಲೀಂಧ್ರವು ಈ ಸ್ಥಿತಿಗೆ ತಲುಪುವ ಮೊದಲೇ ಅದರ ದಾರಿ ಮುಗಿಯುತ್ತದೆ. 1931ರ ಪ್ರಯೋಗಗಳು ತೆನೆಗಳನ್ನು ಎಣಿಸಿ ಕಂಡುಕೊಂಡದ್ದರ ಅರ್ಥ ಇಲ್ಲಿ ತೆರೆದುಕೊಳ್ಳುತ್ತದೆ.

ಒಳಹೊಕ್ಕ ಮೇಲಿನ ಕಥೆ ಇನ್ನೂ ವಿಸ್ತಾರವಾದದ್ದು. ಉಸ್ಟಿಲಾಗೊ ಮೇಡಿಸ್‌ನ ಸಂಪೂರ್ಣ ಜೀನ್‌ಸಮುದಾಯವನ್ನು 2006ರಲ್ಲಿ ಓದಿ ಮುಗಿಸಿದಾಗ, ಸುಮಾರು 2 ಕೋಟಿ 5 ಲಕ್ಷ ಅಕ್ಷರಗಳ ಆ ಡಿಎನ್‌ಎಯಲ್ಲಿ 6,902 ಜೀನುಗಳು ಕಂಡವು. ಗಿಡದ ಗೋಡೆಯನ್ನು ಕರಗಿಸುವ ಜೀನುಗಳು ಇತರ ರೋಗಕಾರಕಗಳಿಗೆ ಹೋಲಿಸಿದರೆ ಕಡಿಮೆ. ಅದರ ಬದಲು, ಹೊರಕ್ಕೆ ಸ್ರವಿಸುವ ಪ್ರೋಟೀನುಗಳ ಜೀನುಗಳು 12 ಗುಂಪುಗಳಾಗಿ ಒಂದೊಂದು ಕಡೆ ಕೂಡಿಕೊಂಡಿದ್ದು, ಅವುಗಳಲ್ಲಿ ಬಹುಪಾಲು ಗಿಡದೊಳಗೆ ಮಾತ್ರ ಅಭಿವ್ಯಕ್ತವಾಗುತ್ತಿದ್ದವು. ಗಿಡವನ್ನು ಕೊಲ್ಲದೆ ಅದರ ರಕ್ಷಣೆಯನ್ನು ಮಲಗಿಸಿಟ್ಟು ಬಾಳುವುದೇ ಈ ಶಿಲೀಂಧ್ರದ ರೀತಿ. ಕಾಳು ಕಾಡಿಗೆ ತಗಲಿದ ಜೋಳವು ತೆನೆ ಹಾಯುವವರೆಗೂ ಆರೋಗ್ಯವಾಗಿ ಕಾಣುವುದನ್ನು ಅರ್ಥಮಾಡಿಕೊಳ್ಳಲು ಇದು ನೆರವಾಗುತ್ತದೆ. ಸ್ರವಿಸುವ ಪ್ರೋಟೀನುಗಳಲ್ಲಿ ಪೆಪ್-1 ಎಂಬುದು ಪ್ರವೇಶದ ಹೊತ್ತಿನ ಗಿಡದ ಪ್ರತಿರೋಧವನ್ನು ಅಡಗಿಸುತ್ತದೆ. 2011ರಲ್ಲಿ ವಿವರಿಸಿದ ಸಿಎಂಯು-1 ಎಂಬುದು ಗಿಡದ ಕೋಶದೊಳಕ್ಕೇ ಹೋಗಿ, ರಕ್ಷಣೆಯ ಸಂಕೇತವಾದ ಸ್ಯಾಲಿಸಿಲಿಕ್ ಆಮ್ಲದ ತಯಾರಿಕೆಗೆ ಬೇಕಾದ ಕಚ್ಚಾವಸ್ತುವನ್ನು ಬೇರೆ ಕಡೆಗೆ ತಿರುಗಿಸುತ್ತದೆ. ಸೋಂಕಿನ ಮೊದಲ ಅರ್ಧ ದಿನದಿಂದ 12ನೆಯ ದಿನದವರೆಗೆ ಹಂತಹಂತವಾಗಿ ಆರ್‌ಎನ್‌ಎಯನ್ನು ಓದಿದ 2018ರ ಅಧ್ಯಯನವು, ಈ ಜೀನುಗಳು ಒಟ್ಟಿಗೆ ಏಳುವುದಿಲ್ಲ, ಗಿಡದ ಮೇಲ್ಮೈ ತಲುಪುವಾಗ ಒಂದು ತಂಡ, ಒಳಗೆ ನೆಲೆಯೂರುವಾಗ ಇನ್ನೊಂದು, ಗಂಟು ಕಟ್ಟುವಾಗ ಮತ್ತೊಂದು ಎಂಬಂತೆ ಸರದಿಯ ಮೇಲೆ ಕೆಲಸ ಮಾಡುತ್ತವೆ ಎಂಬುದನ್ನು ತೋರಿಸಿತು. ಕೊನೆಯಲ್ಲಿ ಕಪ್ಪು ಬೀಜಕಗಳನ್ನು ಕಟ್ಟುವ ಹೊತ್ತಿಗೆ ರಾಸ್-1 ಎಂಬ ನಿಯಂತ್ರಕವು ಆರಂಭದ ಹಂತದ ಜೀನುಗಳನ್ನು ತಗ್ಗಿಸಿ ಹೊಸ ತಂಡವೊಂದನ್ನು ಎಬ್ಬಿಸುತ್ತದೆ ಎಂಬುದು 2016ರಲ್ಲಿಯೇ ಗೊತ್ತಾಗಿತ್ತು.

ಇಷ್ಟರೊಳಗೆ ರೋಣ ಸೀಮೆಯ ಹೊಲಗಳೂ ಬದಲಾಗಿದ್ದವು. 1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಸಂಕರಣ ಜೋಳ ಬಂದ ಮೇಲೆ, ಔಷಧ ಸವರಿದ ಬೀಜವನ್ನು ಚೀಲದಲ್ಲಿ ಕೊಳ್ಳುವ ರೂಢಿ ಮುಂಗಾರಿ ಜೋಳದಲ್ಲಿ ಹಬ್ಬಿತು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಕಾಲುವೆಗಳು 1970ರ ದಶಕದಲ್ಲಿ ನರಗುಂದ ಮತ್ತು ರೋಣದ ಕಡೆಗೆ ಹರಿದಾಗ, ನೀರು ಸಿಕ್ಕ ಹೊಲಗಳಲ್ಲಿ ಗೋವಿನಜೋಳ ಮತ್ತು ಹತ್ತಿಗೆ ಜಾಗ ಹೆಚ್ಚಿತು. ಹಿಂಗಾರಿ ಜೋಳದ ಮಟ್ಟಿಗೆ ಹಳೆಯ ಕ್ರಮವೇ ಬಹುಪಾಲು ಉಳಿಯಿತು. 1930ರ ದಶಕದಲ್ಲಿ ಸೋಲಾಪುರದ ಹತ್ತಿರದ ಮೋಹೋಳದಲ್ಲಿ ಮಾಲದಂಡಿ ತಳಿಯಿಂದ ಆರಿಸಿದ ಎಂ 35-1 ಇಂದಿಗೂ ರೊಟ್ಟಿಯ ರುಚಿಗೂ ಕಣಿಕೆಯ ಗುಣಕ್ಕೂ ಬೇಕಾದ ಜೋಳವಾಗಿದೆ. ಅದರ ಬೀಜವನ್ನು ಅನೇಕರು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಮನೆಯ ಬೀಜ ಇರುವಲ್ಲಿ ಗಂಧಕದ ಅಗತ್ಯವೂ ಇದೆ. ಅದನ್ನು ಬಿಟ್ಟ ವರ್ಷಗಳಲ್ಲಿ ಕಾಳು ಕಾಡಿಗೆ ಮತ್ತೆ ತಲೆಯೆತ್ತುವುದು ಸಹಜ.

ಗಂಧಕ ತಲುಪದ ಕಡೆ ಉಳಿದದ್ದು ತೆನೆ ಕಾಡಿಗೆ. ಅದರ ಬೀಜಕಗಳು ಮಣ್ಣಿನಲ್ಲೇ ವರ್ಷಗಳವರೆಗೆ ಬದುಕಿದ್ದು, ಬೀಜದ ಮೈಯಿಂದ ದೂರದಲ್ಲಿಯೇ ರೂಪ ಬದಲಿಸಿ ಮೊಳಕೆಯನ್ನು ಸೇರುವುದರಿಂದ, ಬೀಜದ ಮೇಲಿನ ಗಂಧಕವು ಅವುಗಳನ್ನು ಪೂರ್ತಿಯಾಗಿ ತಡೆಯಲಾರದು. ಈ ಶಿಲೀಂಧ್ರದ ಒಂದು ಬಗೆ ಜೋಳಕ್ಕೂ ಇನ್ನೊಂದು ಬಗೆ ಗೋವಿನಜೋಳಕ್ಕೂ ಒಗ್ಗಿಕೊಂಡಿವೆ. ಗೋವಿನಜೋಳಕ್ಕೆ ಒಗ್ಗಿದ ಬಗೆಯ ಜೀನ್‌ಸಮುದಾಯವನ್ನು 2010ರಲ್ಲಿ ಓದಿ ಉಸ್ಟಿಲಾಗೊ ಮೇಡಿಸ್‌ನೊಂದಿಗೆ ಹೋಲಿಸಿದಾಗ, ಎರಡರ ಜೀನುಗಳ ಕ್ರಮ ಬಹುಮಟ್ಟಿಗೆ ಒಂದೇ ಇದ್ದು, 43 ಕಡೆಗಳಲ್ಲಿ ಮಾತ್ರ ಬಹಳ ಭಿನ್ನವಾಗಿತ್ತು. ರೋಗದ ಲಕ್ಷಣಗಳಲ್ಲಿನ ಭೇದವನ್ನು ಆ ತುಣುಕುಗಳಲ್ಲಿ ಹುಡುಕಲು ದಾರಿಯಾಯಿತು. 2015ರಲ್ಲಿ ಅಂಥ ಒಂದು ಸ್ರಾವಪ್ರೋಟೀನು, ಗಿಡದ ಮುಖ್ಯ ಕಾಂಡವು ಬದಿಯ ಮೊಗ್ಗುಗಳ ಮೇಲೆ ಇಟ್ಟುಕೊಂಡಿರುವ ಹಿಡಿತವನ್ನು ಸಡಿಲಿಸಿ ಹೆಚ್ಚು ತೆನೆಮೊಗ್ಗುಗಳನ್ನು ಹೊರಡಿಸುವಲ್ಲಿ ಪಾಲುಗೊಳ್ಳುತ್ತದೆ ಎಂದು ಕಂಡುಬಂತು. ಇಂಥ ಜೀನುಗಳ ಗುರುತು ಸಿಕ್ಕಿದರೆ, ಅವುಗಳನ್ನು ಗುರುತಿಸಿ ಎದುರಿಸುವ ಜೋಳದ ತಳಿಗಳನ್ನು ಆರಿಸುವ ಕೆಲಸ ಇನ್ನಷ್ಟು ಖಚಿತವಾಗುತ್ತದೆ. ತೆನೆ ಕಾಡಿಗೆಗೆ ಶಾಶ್ವತವಾದ ಪರಿಹಾರ ಬರಬೇಕಾದದ್ದು ಆ ದಿಕ್ಕಿನಿಂದಲೇ. ಅಲ್ಲಿಯವರೆಗೆ ಬೆಳೆ ಬದಲಿಸಿ ಬಿತ್ತುವುದು, ರೋಗದ ತೆನೆಗಳು ಕಂಡ ಕೂಡಲೇ ಹುಡಿ ಉದುರದಂತೆ ಅವುಗಳಿಗೆ ಬಟ್ಟೆಯ ಚೀಲ ಹೊದಿಸಿ ಕತ್ತರಿಸಿ ಸುಡುವುದು, ಕಾಳು ಕಾಡಿಗೆ ಮತ್ತು ಬಿಡಿ ಕಾಡಿಗೆಗೆ ಬಿತ್ತುವ ಮೊದಲು ಬೀಜಕ್ಕೆ ಗಂಧಕ ಬೆರೆಸುವುದು ಎಂಬ ಕ್ರಮವನ್ನೇ ಇಂದಿಗೂ ಜೋಳದ ರೈತರಿಗೆ ಹೇಳಿಕೊಡಲಾಗುತ್ತಿದೆ.